ಹುಣ್ಣಿಗೆ ಖಾರವೇ ಕಾರಣವೆ?

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮವರು ಹೊಟ್ಟೆಯುರಿಗೆ (ಅಸೂಯೆಯಲ್ಲ, ನಿಜವಾದ ಉರಿ!) ಪರಊರಿನ ನೀರನ್ನೋ ಖಾರವನ್ನೋ ದೂರುವುದುಂಟು. ಆಯುರ್ವೇದದವರು ಆಮ್ಲಪಿತ್ತವೆನ್ನುವರು, ಡಾಕ್ಟರರೂ ಜಠರದ ಹುಣ್ಣಿಗೆ ಬಹುಕಾಲ ಚಿಂತೆ, ಮಸಾಲೆಗಳನ್ನೇ ದೂರಿದರು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಎಂಬ ವೈದ್ಯರು ರೋಗಿಗಳ ಜಠರದಿಂದ ತೆಗೆದ ಸೂಕ್ಷ್ಮಾಣುವನ್ನು ಬೆಳೆಸಿ, ಹುಣ್ಣಿನ ಮೂಲ ಇದೆಂದರು. ಬಹುಮಂದಿ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಅದನ್ನೇ ಕುಡಿದು ಜಠರದ ಉರಿಯೂತ ತಂದುಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಎಲ್ಲ ಉರಿಯೂ ಹುಣ್ಣಲ್ಲ. ಮಜ್ಜಿಗೆ, ಜೀರಿಗೆ ಕಷಾಯ ಕೊಂಚ ಹಿತವೆನಿಸೀತು, ಬೇಡವೆನ್ನೆವು. ಸೂಕ್ಷ್ಮಾಣುವಿದ್ದರೆ ಮಾತ್ರ ಆಂಟಿಬಯಾಟಿಕ್ಕೇ ಬೇಕು. ಉಸಿರಿನ ಪರೀಕ್ಷೆಯಿಂದ ಅದು ಪತ್ತೆಯಾಗುತ್ತದೆ. ಮಂಡಿನೋವಿಗೆ ದಿನವೂ ಗುಳಿಗೆ ನುಂಗುವ ಹಿರಿಯರಿಗೆ ಆ ಗುಳಿಗೆಯಿಂದಲೂ ಹುಣ್ಣಾಗಬಹುದು. ಮಲ ಡಾಂಬರಿನಂತೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿರಬಹುದು. ಅಂದೇ ಡಾಕ್ಟರರಲ್ಲಿಗೆ ಹೋಗಬೇಕು.