ತೂಕಕ್ಕೆ ಹಾಕಿದ ಟ್ರ್ಯಾಕ್ಟರ್

ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವರು ರೆಕ್ಕೆ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ. ಬಾಗಿಲು ಮುಚ್ಚಿದ ಮೇಲೆ ವಿಮಾನ ಮೆಲ್ಲಗೆ ಹಿಂದಕ್ಕೆ ಸರಿಯುತ್ತದಲ್ಲ, ಅದನ್ನು ತಳ್ಳುತ್ತಿರುವುದು ಏನೆಂದು ಬಗ್ಗಿ ನೋಡುವವರು ಕಡಿಮೆ. ನೋಡಿದರೂ ಕಾಣುವುದು ಕಷ್ಟ. ಆ ಗಾಡಿ ವಿಮಾನದ ಮೂತಿಯ ಕೆಳಗೆ, ಪ್ರಯಾಣಿಕರ ಕಣ್ಣಿಗೆ ಬೀಳದ ಜಾಗದಲ್ಲಿರುತ್ತದೆ. ತಗ್ಗು ಮೈ, ಚಪ್ಪಟೆ ಬೆನ್ನು, ಹಿಂದೆ ಮುಂದೆ ಎರಡೂ ಕಡೆ ಕೊಂಡಿ. ಅದರಿಂದ ಒಂದು ಕಬ್ಬಿಣದ ದಂಡ ಹೊರಟು ವಿಮಾನದ ಮುಂದಿನ ಚಕ್ರಕ್ಕೆ ಸಿಕ್ಕಿಕೊಂಡಿರುತ್ತದೆ, ಎತ್ತಿನ ಗಾಡಿಯ ಮೂಕಿಯಂತೆ. ದಂಡದಲ್ಲಿ ಬೇಕೆಂದೇ ದುರ್ಬಲವಾಗಿ ಮಾಡಿದ ಪಿನ್ನುಗಳಿವೆ. ಟ್ರ್ಯಾಕ್ಟರಿನವನು ಜಾಸ್ತಿ ಜಗ್ಗಿದರೆ ಅಥವಾ ಮಿತಿಮೀರಿ ತಿರುಗಿಸಿದರೆ ಮೊದಲು ಮುರಿಯುವುದು ಆ ಪಿನ್ನು, ಕೋಟಿಗಟ್ಟಲೆ ಬೆಲೆಯ ಚಕ್ರದ ಕಾಲಲ್ಲ.

ಇಂಥ ಗಾಡಿಗೆ ಬಲ ಎಂಜಿನ್ನಿನಿಂದ ಬರುತ್ತದೆ ಎಂದುಕೊಂಡರೆ ಅರ್ಧ ಮಾತ್ರ ನಿಜ. ಒಣ ಕಾಂಕ್ರೀಟಿನ ಮೇಲೆ ರಬ್ಬರ್ ಚಕ್ರಕ್ಕೆ ಸಿಗುವ ಹಿಡಿತ, ಅದರ ಮೇಲಿರುವ ತೂಕದ ಸುಮಾರು ಮುಕ್ಕಾಲು ಪಾಲಿನಷ್ಟು. ಐದು ಟನ್ನಿನ ಟ್ರ್ಯಾಕ್ಟರಿಗೆ ಎಷ್ಟೇ ದೊಡ್ಡ ಎಂಜಿನ್ ಕೂರಿಸಿ, ಮೂರೂವರೆ, ಹೆಚ್ಚೆಂದರೆ ನಾಲ್ಕು ಟನ್ ಸೆಳೆತ ದಾಟಿದ ಕೂಡಲೇ ಚಕ್ರ ಇದ್ದಲ್ಲೇ ಗಿರಗಿರ ತಿರುಗುತ್ತದೆ. ಮಳೆ ಬಿದ್ದರೆ ಅಷ್ಟೂ ಇಲ್ಲ. ಪೂರ್ತಿ ತುಂಬಿದ ಎ320 ವಿಮಾನದ ತೂಕ 78 ಟನ್ನಿನ ಆಸುಪಾಸು. ಸಮತಟ್ಟಾದ ನೆಲದಲ್ಲಿ ಅದನ್ನು ಉರುಳಿಸಲು ಒಂದೂವರೆ ಟನ್ ಸೆಳೆತ ಸಾಕಾದೀತು. ನೂರಕ್ಕೆ ಒಂದಡಿ ಏರಿದ್ದರೆ ಅದರ ಮೇಲೆ ಇನ್ನೂ ಮುಕ್ಕಾಲು ಟನ್ ಬೇಕು. ನಿಂತದ್ದನ್ನು ಹೊರಡಿಸಲು ಬೇಕಾಗುವುದು ಬೇರೆ. 2022ರ ಅಕ್ಟೋಬರಿನಲ್ಲಿ ದೈತ್ಯ ವಿಮಾನ ಎ380 ಮೊದಲ ಬಾರಿ ಬೆಂಗಳೂರಿಗೆ ಬಂತು. ಹಾರುವಾಗ ಅದರ ಗರಿಷ್ಠ ತೂಕ 560 ಟನ್ನಿಗೂ ಮೇಲೆ. ಅಂಥ ವಿಮಾನಗಳಿಗೆಂದು ಕಟ್ಟುವ ಟ್ರ್ಯಾಕ್ಟರು ತಾನೇ ಐವತ್ತು ಅರುವತ್ತು ಟನ್ ತೂಗಬಹುದು, ಅಶ್ವಶಕ್ತಿಯಲ್ಲಿ ಒಂದು ಐಷಾರಾಮಿ ಕಾರಿಗಿಂತ ಹಿಂದಿರಬಹುದು. ತಯಾರಿಸುವವರು ಅದರ ಹೊಟ್ಟೆಗೆ ಕಬ್ಬಿಣದ ದಪ್ಪ ಹಲಗೆಗಳನ್ನು ತುಂಬಿಸುವುದು ಇದಕ್ಕೇ. ಉಳಿದ ಗಾಡಿಗಳಲ್ಲಿ ತೂಕ ಹೊರೆ, ಇದರಲ್ಲಿ ತೂಕವೇ ಕಸುಬು.

ಲಗೇಜು ಎಳೆಯುವ ಸಣ್ಣ ಟ್ರ್ಯಾಕ್ಟರುಗಳ ಕಥೆಯೂ ಇದೇ. ಈಗ ಬ್ಯಾಟರಿಯವು ಬರುತ್ತಿವೆ. ಕಾರಿನಲ್ಲಿ ಬ್ಯಾಟರಿಯ ಭಾರ ತಲೆನೋವು, ಇಲ್ಲಿ ಅದು ಪುಕ್ಕಟೆ ಸಿಕ್ಕ ತೂಕ. ಇದನ್ನು ಹೊಸ ಕಾಲದ ಆವಿಷ್ಕಾರ ಎಂದು ಹೊಗಳುವವರಿಗೆ ಒಂದು ಮಾತು: ಅಮೆರಿಕದ ಪೆನ್ಸಿಲ್ವೇನಿಯಾ ರೈಲ್ವೆಯವರು ಆಲ್ಟೂನಾ ಸ್ಟೇಷನ್ನಿನಲ್ಲಿ ಬ್ಯಾಟರಿ ಗಾಡಿಯ ಮೇಲೆ ಲಗೇಜು ಸಾಗಿಸಿದ್ದು 1906ರಲ್ಲಿ.

ದೇವನಹಳ್ಳಿ, ಪಕ್ಕದ ವಿಜಯಪುರದ ಕಡೆ ಟ್ರ್ಯಾಕ್ಟರ್ ಎಂದರೆ ಹೊಲದ್ದು. ದ್ರಾಕ್ಷಿ ತೋಟಕ್ಕೆ ಗೊಬ್ಬರ, ಹಿಪ್ಪುನೇರಳೆ ಸೊಪ್ಪು, ಮನೆ ಕಟ್ಟಲು ಇಟ್ಟಿಗೆ ಮರಳು ಹೊರುವುದು. ಟ್ರೈಲರನ್ನು ರಿವರ್ಸ್ ಹಾಕುವಾಗ ಅದನ್ನು ಎಡಕ್ಕೆ ಕಳಿಸಬೇಕಾದರೆ ಸ್ಟೀರಿಂಗನ್ನು ಮೊದಲು ಬಲಕ್ಕೆ ತಿರುಗಿಸಬೇಕು ಎಂಬುದು ಇಲ್ಲಿ ಮೀಸೆ ಮೂಡದ ಹುಡುಗನಿಗೂ ಗೊತ್ತು. ವಿಮಾನ ತಳ್ಳುವವನೂ ಮಾಡುವುದು ಅದನ್ನೇ. ಅವನ ಟ್ರೈಲರು ಕೊಂಚ ಉದ್ದ, ಕೊಂಚ ದುಬಾರಿ, ಅಷ್ಟೆ.

ಈ ಜಾತಿಯ ಯಂತ್ರ ಹುಟ್ಟಿದ್ದು ಹೊಲದಲ್ಲೂ ಅಲ್ಲ, ವಿಮಾನ ನಿಲ್ದಾಣದಲ್ಲೂ ಅಲ್ಲ. 1917ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಬ್ಯುಕ್ಯಾನನ್ ಊರಿನಲ್ಲಿ ಆಕ್ಸಲ್ ಮಾಡುತ್ತಿದ್ದ ಕ್ಲಾರ್ಕ್ ಕಂಪನಿ, ತನ್ನದೇ ಕಾರ್ಖಾನೆಯೊಳಗೆ ಮಾಲು ಸಾಗಿಸಲು ಒಂದು ಮೋಟಾರು ಗಾಡಿ ಮಾಡಿಕೊಂಡಿತು. ಕಾರ್ಖಾನೆ ನೋಡಲು ಬಂದವರು ಆಕ್ಸಲ್ ಬಿಟ್ಟು ಆ ಗಾಡಿಗೆ ಬೆಲೆ ಕೇಳತೊಡಗಿದರು. ಇಂದಿನ ಫೋರ್ಕ್‌ಲಿಫ್ಟಿನ ಮೂಲಪುರುಷ ಅದೇ. ಎಳೆಯುವುದಕ್ಕೆಂದೇ ಅದೇ ಕಂಪನಿ ಮಾಡಿದ್ದು ಕ್ಲಾರ್ಕ್‌ಟರ್. ಎರಡನೇ ಮಹಾಯುದ್ಧದ ಹೊತ್ತಿಗೆ ಅದರ ಆರು ಸಿಲಿಂಡರಿನ ಮಾದರಿ ಅಮೆರಿಕದ ವಾಯುನೆಲೆಗಳ ಖಾಯಂ ಕೂಲಿಯಾಗಿತ್ತು. ಬಾಂಬು ತುಂಬಿದ ಟ್ರಾಲಿ ಎಳೆಯುವುದು, ವಿಮಾನವನ್ನು ಹ್ಯಾಂಗರಿನಿಂದ ಹೊರಗೆ ತರುವುದು ಅದರ ಪಾಲಿನ ಕೆಲಸ. ಬ್ರಿಟಿಷರ ವಾಯುಪಡೆಗೆ ಯಾರ್ಕ್‌ಶೈರಿನ ಮೆಲ್ಥಮ್‌ನಿಂದ ಡೇವಿಡ್ ಬ್ರೌನ್ ಟ್ರ್ಯಾಕ್ಟರುಗಳು ಬರುತ್ತಿದ್ದವು. ಫೋರ್ಡ್ ಕಂಪನಿ ತನ್ನ ಹೊಲದ ಟ್ರ್ಯಾಕ್ಟರಿಗೇ ಕಬ್ಬಿಣದ ದಪ್ಪ ಕವಚ ತೊಡಿಸಿ ಅಮೆರಿಕದ ನೌಕಾಪಡೆಗೆ ಕೊಟ್ಟಿತು.

ಬೆಂಗಳೂರಿಗೆ ಅಮೆರಿಕನ್ನರು ಬಂದದ್ದು ಆ ಕಾಲದಲ್ಲೇ. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಎಚ್‌ಎಎಲ್) ನೋಂದಾಯಿಸಿದರು. ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಯುದ್ಧ ಬಿರುಸಾಗಿ, ಜಪಾನಿಯರು ಬರ್ಮಾ ಹಿಡಿದ ಮೇಲೆ, 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಅದರ 84ನೇ ಏರ್ ಡಿಪೋ ಇಲ್ಲೇ ಇತ್ತು. ಚೀನಾಕ್ಕೆ ಹಿಮಾಲಯ ದಾಟಿ ಸರಕು ಒಯ್ಯುತ್ತಿದ್ದ ಸಿ-47, ಬಾಂಬ್ ಹಾಕುತ್ತಿದ್ದ ಬಿ-24, ಬಿ-25, ನೀರಿನ ಮೇಲಿಳಿಯುವ ಕ್ಯಾಟಲಿನಾ ಎಲ್ಲವೂ ರಿಪೇರಿಗೆ ಬಂದವು. ಕ್ಯಾಟಲಿನಾಗಳಿಗಾಗಿ ಪಕ್ಕದ ಬೆಳ್ಳಂದೂರು ಕೆರೆಯನ್ನೇ ಬಳಸಿಕೊಂಡರು. ಈಗಿನ ಬೆಳ್ಳಂದೂರನ್ನು ಕಂಡವರಿಗೆ ಇದು ಪುರಾಣದಂತೆ ಕೇಳಿಸಬಹುದು.

ಒಂದು ಬಿ-24 ಖಾಲಿಯಿದ್ದಾಗಲೇ ಹದಿನಾರು ಟನ್ ಮೀರುತ್ತದೆ. ಎಂಜಿನ್ ಬಿಚ್ಚಿಟ್ಟ ವಿಮಾನ ತಾನಾಗಿ ಒಂದಡಿಯೂ ಕದಲುವುದಿಲ್ಲ. ರಿಪೇರಿ ಡಿಪೋ ಎಂದರೆ ಹಗಲಿರುಳು ಎಳೆದಾಡುವುದೇ: ಹುಲ್ಲಿನಿಂದ ಕಾಂಕ್ರೀಟಿಗೆ, ಕಾಂಕ್ರೀಟಿನಿಂದ ಹ್ಯಾಂಗರಿಗೆ, ಅಲ್ಲಿಂದ ಪರೀಕ್ಷೆಗೆ. ಗಟ್ಟಿ ನೆಲದಲ್ಲಿ ಮುನ್ನೂರು ನಾನೂರು ಕಿಲೋ ಸೆಳೆತಕ್ಕೆ ಬಗ್ಗುವ ವಿಮಾನ, ಮುಂಗಾರಿನ ಕೆಸರಲ್ಲಿ ಅದರ ಐದಾರು ಪಟ್ಟು ಕೇಳುತ್ತದೆ. ಡಿಪೋದ ಚರಿತ್ರೆಯಲ್ಲಿ ಎಷ್ಟು ವಿಮಾನ, ಎಷ್ಟು ಎಂಜಿನ್ ಎಂಬುದರ ಮಾತಿದೆ. ಎಳೆದವುಗಳ ಮಾತಿಲ್ಲ.

ಯುದ್ಧ ಮುಗಿದ ಮೇಲೆ ಇನ್ನೊಂದು ಅಂಕ ನಡೆಯಿತು, ನನಗೆ ಬಹಳ ಇಷ್ಟವಾದದ್ದು. ಬ್ರಿಟಿಷರು ಹೋಗುವಾಗ ಲಿಬರೇಟರ್ ಎಂದು ಕರೆಯುತ್ತಿದ್ದ ಈ ಬಿ-24ಗಳನ್ನು ಕಾನ್ಪುರದ ಚಕೇರಿಯಲ್ಲಿ ಸಾಲಾಗಿ ಬಿಟ್ಟು ಹೋಗಿದ್ದರು. ಅಮೆರಿಕದ ಸಾಲದ ಕರಾರಿನಂತೆ ಬೇರೆ ಯಾರೂ ಹಾರಿಸಬಾರದೆಂದು ಅವುಗಳನ್ನು ಕೈಯಾರೆ ಕೆಡಿಸಿದ್ದರು. ಎಂಜಿನ್ನಿಗೆ ಮರಳು ಸುರಿದರೆಂದೂ ಹೇಳುತ್ತಾರೆ. ಬೆಂಗಳೂರಿನ ಎಚ್‌ಎಎಲ್‌ನವರು ಹೋಗಿ ಆ ಹೆಣಗಳಿಗೆ ಒಂದು ಹಾರಾಟದಷ್ಟು ಜೀವ ತುಂಬಿದರು. ಪೈಲಟ್ ಜಮ್ಶೆಡ್ ಮುನ್ಶಿ ಒಂದೊಂದನ್ನಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ದುರಸ್ತಿಯಾಗಿ 40ಕ್ಕೂ ಹೆಚ್ಚು ಲಿಬರೇಟರುಗಳು ಭಾರತೀಯ ವಾಯುಪಡೆ ಸೇರಿದವು, 1968ರವರೆಗೆ ಹಾರಿದವು. ಆಮೇಲೆ ಒಂದು ಕೆನಡಾಕ್ಕೆ ಹೋಯಿತು, ಒಂದು ಅರಿಝೋನಾದ ಪೀಮಾ ಮ್ಯೂಸಿಯಮ್ಮಿಗೆ, ಒಂದು ಬ್ರಿಟನ್ನಿನ ವಾಯುಪಡೆಯ ಮ್ಯೂಸಿಯಮ್ಮಿಗೆ. ಅಮೆರಿಕದಲ್ಲಿ ವರ್ಷಗಟ್ಟಲೆ ಪ್ರದರ್ಶನಗಳಲ್ಲಿ ಹಾರಿದ ಒಂದು ಲಿಬರೇಟರ್ ಕೂಡ ನಮ್ಮಿಂದ ಹೋದದ್ದೇ. ಗುಜರಿಯಿಂದ ಎದ್ದುಬಂದ ವಿಮಾನಗಳು ಜಗತ್ತಿನ ಮ್ಯೂಸಿಯಮ್ಮುಗಳನ್ನು ಅಲಂಕರಿಸಿವೆ.

ಟ್ರ್ಯಾಕ್ಟರುಗಳು ಹೋದದ್ದು ಇದರ ಉಲ್ಟಾ ದಾರಿಯಲ್ಲಿ. ಯುದ್ಧದ ಸಾಮಾನು ಡಿಸ್ಪೋಸಲ್‌ನಲ್ಲಿ ಮಾರಾಟವಾದಾಗ ಜೀಪಿಗೆ ಗಿರಾಕಿಗಳು ಮುಗಿಬಿದ್ದರು, ಲಾರಿಗೂ ಬಿದ್ದರು. ಗಂಟೆಗೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡುವ, ಸಾಮಾನು ಹೇರಲು ಜಾಗವಿಲ್ಲದ ಈ ಮೋಟುಗಾಡಿ ಯಾರಿಗೆ ಬೇಕು? ಎಲ್ಲೇ ಆಗಲಿ, ಇಂಥ ಗಾಡಿ ಕೊನೆಗೆ ಸಾಯುವುದು ಹೆಚ್ಚಾಗಿ ಒಂದೇ ರೀತಿ. ಕೆಟ್ಟು ನಿಂತಾಗ ಮೊದಲು ಮಾರಾಟವಾಗುವುದು ಹೊಟ್ಟೆಯಲ್ಲಿದ್ದ ಬೀಡುಕಬ್ಬಿಣ, ಯಾಕೆಂದರೆ ಕಿಲೋ ಲೆಕ್ಕದಲ್ಲಿ ತಕ್ಷಣ ಕಾಸು. ಆ ಹಲಗೆಗಳು ಹೋದ ಮೇಲೆ ಎಂಜಿನ್ ಸರಿಯಿದ್ದರೂ ಗಾಡಿ ಎಳೆಯುವುದಿಲ್ಲ. ಎಳೆಯದ ಮೇಲೆ ಉಳಿದದ್ದೂ ತೂಕಕ್ಕೆ.

ಹಾಗಾಗಿ ಒಂದು ಹಳೇ ಕ್ಲಾರ್ಕ್‌ಟರ್ ಸಿಕ್ಕಿತೆಂದುಕೊಳ್ಳಿ. ಬಾನೆಟ್ ಎತ್ತುವ ಮೊದಲು ಬಗ್ಗಿ ಹೊಟ್ಟೆ ನೋಡಬೇಕು. ತೂಕದ ಹಲಗೆ ಇಲ್ಲವಾದರೆ ಅಚ್ಚು ಮಾಡಿಸಿ ಹೊಸದಾಗಿ ಎರಕ ಹೊಯ್ಯಿಸುವುದೇ ದಾರಿ; ಬೆಂಗಳೂರಿನಲ್ಲಿ ಫೌಂಡ್ರಿಗಳಿಗೆ ಬರವಿಲ್ಲ. ಕಾಂಕ್ರೀಟ್ ತುಂಬಿಸಿದರಾಯಿತು ಎಂಬ ಸಲಹೆ ಬಂದೇ ಬರುತ್ತದೆ. ಅಷ್ಟೇ ತೂಕಕ್ಕೆ ಕಾಂಕ್ರೀಟ್ ಮೂರು ಪಟ್ಟು ಜಾಗ ಬೇಡುತ್ತದೆ, ಆ ಜಾಗ ಅಲ್ಲಿರುವುದಿಲ್ಲ.

ಆಮೇಲೆ ಎಂಜಿನ್. ಹಳಬ ಮೆಕ್ಯಾನಿಕ್‌ಗಳು ಕೇಳುವ ಮೊದಲ ಪ್ರಶ್ನೆ: ‘ಓಡ್ತಾ ಓಡ್ತಾ ಜಾಮ್ ಆಗಿದ್ದಾ, ನಿಲ್ಸಿದ್ಮೇಲೆ ಜಾಮ್ ಆಗಿದ್ದಾ?’ ಓಡುವಾಗ ಹಿಡಿದಿದ್ದರೆ ಒಳಗೆ ಏನೋ ಮುರಿದಿದೆ. ನಿಂತು ಹಿಡಿದಿದ್ದರೆ ಬರೀ ತುಕ್ಕು. ತುಕ್ಕಿಗೆ ಆತುರ ಆಗದು. ಪ್ಲಗ್ಗು ಬಿಚ್ಚಿ, ಪ್ರತಿ ಸಿಲಿಂಡರಿಗೂ ಡೀಸೆಲ್ಲು, ಗೇರ್ ಆಯಿಲ್ ಕಲಸಿ ಹೊಯ್ದು ದಿನಗಟ್ಟಲೆ ಬಿಡಬೇಕು. ಟಾಪ್ ಗೇರಿಗೆ ಹಾಕಿ ಗಾಡಿಯನ್ನೇ ಹಿಂದೆ ಮುಂದೆ ನೂಕಿ ನೋಡಬೇಕು. ಸೆಲ್ಫ್ ಹೊಡೆಯುವುದು, ಬೇರೆ ಗಾಡಿಗೆ ಕಟ್ಟಿ ದರದರ ಎಳೆಸುವುದು ಮಾಡಿದರೆ ಪಿಸ್ಟನ್ ರಿಂಗು ಚೂರಾಗುತ್ತದೆ. ಈ ಎಂಜಿನ್ನಿನಲ್ಲಿ ವಾಲ್ವುಗಳು ತಲೆಯಲ್ಲಿಲ್ಲ, ಬ್ಲಾಕಿನ ಪಕ್ಕದಲ್ಲಿವೆ. ಹೆಡ್ ಎಂದರೆ ಒಂದು ಮುಚ್ಚಳ ಮಾತ್ರ. ಬೋಲ್ಟು ಬಿಚ್ಚಿ ಎತ್ತಿದರೆ ಒಳಗಿನದೆಲ್ಲ ಕಣ್ಣೆದುರು.

ಬಿಡಿಭಾಗದ ವಿಷಯದಲ್ಲಿ ನಮಗೆ ಒಂದು ಅದೃಷ್ಟವಿದೆ. ಕ್ಲಾರ್ಕ್‌ಟರಿನ ಎಂಜಿನ್ ಕ್ರೈಸ್ಲರ್ ಮನೆತನದ್ದು. ಅದರ ದಾಯಾದಿಗಳೇ ಡಾಡ್ಜ್, ಫಾರ್ಗೊ ಲಾರಿಗಳಲ್ಲೂ ಪ್ಲಿಮತ್ ಕಾರಿನಲ್ಲೂ ಇದ್ದವು. ಅವನ್ನು ಬೊಂಬಾಯಿಯಲ್ಲಿ ಜೋಡಿಸುತ್ತಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಕಟ್ಟಿದವರು ಮತ್ತೆ ಅದೇ ವಾಲ್‌ಚಂದ್. ಹಳೇ ಡಾಡ್ಜಿನ ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್ ಜೆ.ಸಿ. ರಸ್ತೆಯಲ್ಲಿ ಇಂದಿಗೂ ಕೇಳಿ ನೋಡುವಂಥವೇ. ಆದರೆ ಈ ಮನೆತನದಲ್ಲಿ ಹೆಡ್ಡಿನ ಉದ್ದ ಎರಡು ಬಗೆ, ಸುಮಾರು 23 ಇಂಚು ಮತ್ತು 25 ಇಂಚು. ಒಂದರದ್ದು ಇನ್ನೊಂದಕ್ಕೆ ಕೂರದು. ಟೇಪು ಹಿಡಿಯದೆ ಅಂಗಡಿಗೆ ಹೋಗಬಾರದು.

ಇನ್ನೊಂದು ಗುಟ್ಟು ಅದರ ನೀರಿನ ದಾರಿಯಲ್ಲಿದೆ. ವಾಟರ್ ಪಂಪಿನ ಹಿಂದೆ, ಬ್ಲಾಕಿನ ಉದ್ದಕ್ಕೂ ತಗಡಿನ ತೆಳು ಕೊಳವೆಯೊಂದು ಹೂತಿರುತ್ತದೆ. ತಣ್ಣೀರನ್ನು ಕೊನೆಯ ಸಿಲಿಂಡರಿನವರೆಗೆ ಒಯ್ಯುವುದು ಅದರ ಕೆಲಸ. ಅದು ತುಕ್ಕು ತಿಂದಿದ್ದರೆ ಮುಂದಿನ ಸಿಲಿಂಡರ್ ತಂಪು, ಹಿಂದಿನದು ಕೆಂಡ. ಗೇಜಿನಲ್ಲಿ ಗೊತ್ತೇ ಆಗುವುದಿಲ್ಲ. ಲಾರಿಗಾದರೆ ಓಡುವ ಗಾಳಿಯಾದರೂ ಸಿಗುತ್ತದೆ. ಭಾರ ಎಳೆದುಕೊಂಡು ನಡಿಗೆಯ ವೇಗದಲ್ಲಿ ಹೋಗುವ ಟ್ರ್ಯಾಕ್ಟರಿಗೆ ಅದೂ ಇಲ್ಲ. ರೇಡಿಯೇಟರ್ ಬಿಚ್ಚಿ ಆ ಕೊಳವೆ ಎಳೆದು ತೆಗೆಯುವುದು ತಾಳ್ಮೆ ಪರೀಕ್ಷಿಸುವ ಕೆಲಸ. ಬಿಟ್ಟರೆ ಉಳಿದ ಖರ್ಚೆಲ್ಲ ನೀರಲ್ಲಿ ಹೋಮ.

ಪೆಟ್ರೋಲಿನದೂ ಹೊಸ ತಕರಾರು. ಕಡಿಮೆ ಕಂಪ್ರೆಶನ್ನಿನ ಈ ಎಂಜಿನ್ ಎಂಥ ಪೆಟ್ರೋಲಿಗೂ ಓಡುತ್ತದೆ. ಆದರೆ ಈಗ ಬಂಕುಗಳಲ್ಲಿ ಸಿಗುವುದರಲ್ಲಿ ಐದನೇ ಒಂದು ಪಾಲು ಎಥನಾಲ್. ಆ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಅದಕ್ಕೆ ಕರಗುತ್ತವೆ. ಎಥನಾಲ್ ತಡೆಯುವಂಥ ರಬ್ಬರು ಮೊದಲೇ ಹಾಕಿಸಿಕೊಂಡರೆ ಬೆಂಕಿಯ ಭಯ ಇರುವುದಿಲ್ಲ. ಬಣ್ಣ ಕೆರೆಯುವಾಗಲೂ ಅವಸರ ಬೇಡ. ಒಂದು ಮೂಲೆಯಲ್ಲಿ ಮರಳು ಕಾಗದದಿಂದ ವೃತ್ತಾಕಾರವಾಗಿ ಉಜ್ಜುತ್ತಾ ಹೋದರೆ ಮೇಲಿನ ಹಳದಿ, ಅದರಡಿಯ ಬೂದು, ಅದರಡಿಯ ಸೇನೆಯ ಹಸಿರು ಒಂದೊಂದೇ ಉಂಗುರವಾಗಿ ಕಾಣುತ್ತವೆ. ಕಾಗದಪತ್ರ ಕಳೆದುಕೊಂಡ ಯಂತ್ರಕ್ಕೆ ಅಷ್ಟೇ ಸರ್ವಿಸ್ ರೆಕಾರ್ಡ್.

ಕಾಗದಪತ್ರ ಎಂದಾಗ ಒಂದು ತಮಾಷೆ. ವಿಮಾನ ನಿಲ್ದಾಣದ ಒಳಗೆ ಓಡುವ ಗಾಡಿಗೆ ಬೇಕಾದದ್ದು ಅಲ್ಲಿನದೇ ಪರ್ಮಿಟ್ಟು. ಆರ್‌ಟಿಒ ಮುಖ ನೋಡದೆಯೇ ಅದರ ಜೀವನ ಸಾಗುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಾಗ, ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು ಎಂದಿತು. ನೋಂದಣಿಯೇ ಇಲ್ಲದ್ದು ಎಂಬತ್ತು ವರ್ಷ ಬಾಳಿದರೂ ಎಲ್ಲಿಂದ ಎಣಿಸುವುದು? ಮ್ಯೂಸಿಯಮ್ಮಿನ ಮಾತಿಗೆ ಬಂದರೆ, ಕಾರುಗಳಿಗೆ ಧರ್ಮಸ್ಥಳದ ಮಂಜೂಷಾ ಇದೆ, ರೈಲಿಗೆ ಮೈಸೂರಿನಲ್ಲಿ 1979ರಿಂದ ಮ್ಯೂಸಿಯಂ ಇದೆ. ಎಚ್‌ಎಎಲ್ 2001ರಲ್ಲಿ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ತೆರೆದ ಮ್ಯೂಸಿಯಮ್ಮಿನಲ್ಲಿ ಮಾರುತ್, ಎಚ್‌ಟಿ-2, ಕಿರಣ್, ಅಜಿತ್ ವಿಮಾನಗಳನ್ನು ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಅವುಗಳ ಮುಂದೆ ದಂಡ ಸಿಕ್ಕಿಸಿ ಎಳೆಯುವ ಭಂಗಿಯಲ್ಲಿ ಒಂದು ಹಳೇ ಟ್ರ್ಯಾಕ್ಟರ್ ಇರಬೇಕು ಎಂಬುದು ನನ್ನ ಹಟ. ಅದೂ ಸ್ಟಾರ್ಟ್ ಆಗುವಂಥದ್ದು. ಬಯಲಲ್ಲಿ ನಿಂತ ವಿಮಾನಗಳನ್ನು ಬಣ್ಣ ಬಳಿಯಲು, ನೆಲ ಸರಿಮಾಡಲು ಆಗಾಗ ಜರುಗಿಸಲೇಬೇಕು, ಆ ಕೂಲಿಯನ್ನೂ ಅದೇ ಮಾಡಲಿ.

ಹುಡುಕಾಟ ಶುರುವಾಗಬೇಕಾದದ್ದು ಮುಚ್ಚಿದ ಗಿರಣಿ, ಹಳೇ ಫ್ಲೈಯಿಂಗ್ ಕ್ಲಬ್ಬು, ಕಾರ್ಖಾನೆಗಳ ಹಿತ್ತಿಲು, ನಾಟಾ ಡಿಪೋಗಳಲ್ಲಿ. ನಿಮ್ಮ ಗೋಡೌನಿನ ಮೂಲೆಯಲ್ಲಿ ಎದೆಯೆತ್ತರಕ್ಕೂ ಬಾರದ, ನಂಬರ್ ಪ್ಲೇಟಿಲ್ಲದ, ಎರಡೂ ತುದಿಗೆ ಕೊಂಡಿಯಿರುವ, ನಾಲ್ಕು ಜನ ಸೇರಿದರೂ ಅಲುಗದ ಗಾಡಿಯೊಂದಿದ್ದರೆ ಡ್ಯಾಶ್‌ಬೋರ್ಡಿನ ಹತ್ತಿರವೋ ಚಾಸಿಯ ಮಗ್ಗುಲಲ್ಲೋ ಹಿತ್ತಾಳೆಯ ಫಲಕವಿದೆಯೇ ನೋಡಿ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಸೀರಿಯಲ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಹೊಟ್ಟೆಯ ಕಬ್ಬಿಣಕ್ಕೆ ಕೈ ಹಾಕಲು ಯಾರನ್ನೂ ಬಿಡಬೇಡಿ.