ಗೊದಮೊಟ್ಟೆಯ ಬಾಲ ಮತ್ತು ಕ್ಯಾನ್ಸರಿನ ಹರಡಿಕೆ

ಮಳೆ ಹಿಡಿದ ಮೇಲೆ ಮಡಂತ್ಯಾರಿನ ಆಸುಪಾಸಿನ ಗದ್ದೆ, ತೋಡುಗಳಲ್ಲಿ ಗೊದಮೊಟ್ಟೆಗಳನ್ನು ನೀವು ನೋಡಿರುತ್ತೀರಿ. ಅವು ಕಪ್ಪೆಗಳಾಗುವಾಗ ಬಾಲ ಉದುರಿ ಬೀಳುವುದಿಲ್ಲ, ಕರಗಿಹೋಗುತ್ತದೆ. ಕರಗಿಸುವುದು ಯಾವುದು?

1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಗೊದಮೊಟ್ಟೆಯ ಬಾಲದ ತುಣುಕುಗಳನ್ನು ಕೊಲಾಜೆನ್ ಎಂಬ ಪ್ರೋಟೀನಿನ ಲೋಳೆಯ ಮೇಲಿಟ್ಟರು. ತುಣುಕಿನ ಸುತ್ತ ಲೋಳೆ ಕರಗಿ ತಿಳಿಯಾಯಿತು. ಕೊಲಾಜೆನೇಸ್ ಎಂಬ ಕಿಣ್ವ ಪತ್ತೆಯಾದದ್ದು ಹೀಗೆ. (ಮೊಳಕೆ ಬಂದ ಹೆಸರುಕಾಳನ್ನು ಸೀಳಿ ಪಿಷ್ಟ ಬೆರೆಸಿದ ಅಗರ್ ಮೇಲೆ ಕವುಚಿಟ್ಟು, ಮರುದಿನ ಅಯೋಡಿನ್ ಹಾಕಿದರೆ ಇಂಥದೇ ತಿಳಿವಲಯವನ್ನು ತರಗತಿಯಲ್ಲಿ ತೋರಿಸಬಹುದು. ಅಲ್ಲಿ ಕೆಲಸ ಮಾಡುವುದು ಅಮೈಲೇಸ್.)

ಈಗ ಕ್ಯಾನ್ಸರಿಗೆ ಬರೋಣ. ಎಲೆಯಡಿಕೆಯೊಡನೆ ತಂಬಾಕು ಜಗಿಯುವವರಲ್ಲಿ ಬಾಯಿಯ ಕ್ಯಾನ್ಸರ್ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹಬ್ಬಿತೆಂದರೆ ಚಿಕಿತ್ಸೆ ಕಠಿಣವಾಗುತ್ತದೆ. ಹಬ್ಬಬೇಕಾದರೆ ಕ್ಯಾನ್ಸರ್ ಕೋಶ ಮೊದಲು ತನ್ನ ಅಡಿಯಲ್ಲಿರುವ ತಳಪೊರೆಯನ್ನು ದಾಟಬೇಕು. ಈ ಪೊರೆಯ ಮುಖ್ಯ ಹಂದರ ನಾಲ್ಕನೆಯ ಬಗೆಯ ಕೊಲಾಜೆನ್.

1973ರಲ್ಲಿ ಐಸಾಯ ಫಿಡ್ಲರ್ ಇಲಿಯ ಮೆಲನೋಮ ಕೋಶಗಳನ್ನು ಇಲಿಗಳ ರಕ್ತನಾಳಕ್ಕೆ ಚುಚ್ಚಿ, ಶ್ವಾಸಕೋಶದಲ್ಲಿ ಬೇರೂರಿದ ಕೋಶಗಳನ್ನಷ್ಟೇ ತೆಗೆದು ಬೆಳೆಸಿ ಮತ್ತೆ ಚುಚ್ಚಿದರು. ಹೀಗೆ ಆರಿಸುತ್ತ ಹೋದಂತೆ ಶ್ವಾಸಕೋಶದಲ್ಲಿ ನೆಲೆಯೂರುವ ಸಾಮರ್ಥ್ಯ ಹೆಚ್ಚಿತು. 1980ರಲ್ಲಿ ಲ್ಯಾನ್ಸ್ ಲಿಯೊಟ್ಟ ಮತ್ತು ಸಂಗಡಿಗರು ಇಲಿಯ ಹಲವು ಗಡ್ಡೆಗಳನ್ನು ಹೋಲಿಸಿದಾಗ, ಶ್ವಾಸಕೋಶಕ್ಕೆ ಹೆಚ್ಚು ಹರಡುವವು ತಳಪೊರೆಯ ಕೊಲಾಜೆನ್ನನ್ನೂ ಹೆಚ್ಚು ಒಡೆಯುತ್ತಿದ್ದವು. ಮರುವರ್ಷ ಬಾನಿ ಸ್ಲೋನ್ ತಂಡ ಕೆಥೆಪ್ಸಿನ್ ಬಿ ಎಂಬ ಬೇರೊಂದು ಕಿಣ್ವದಲ್ಲೂ ಇಂಥ ಸಂಬಂಧ ಕಂಡಿತು.

ಸಂಬಂಧವಿದ್ದ ಮಾತ್ರಕ್ಕೆ ಅದೇ ಕಾರಣ ಎನ್ನಲಾಗದು. ಇಲ್ಲಿ ವಿದ್ಯಾರ್ಥಿಗಳಷ್ಟೇ ಅಲ್ಲ, ಪಳಗಿದವರೂ ಎಡವಿದ್ದಾರೆ. ಕೊಲಾಜೆನೇಸ್ ಗುಂಪಿನ ಈ ಕಿಣ್ವಗಳ ಕ್ರಿಯಾಕೇಂದ್ರದಲ್ಲಿ ಸತುವಿನ ಅಯಾನಿದೆ. ಅದನ್ನು ಹಿಡಿದುಕೊಂಡು ಕಿಣ್ವವನ್ನು ತಡೆಯುವ ಮಾರಿಮಸ್ಟ್ಯಾಟ್‌ನಂಥ ಔಷಧಗಳು 1990ರ ದಶಕದಲ್ಲಿ ರೋಗಿಗಳವರೆಗೆ ಬಂದವು. ಅವರಲ್ಲಿ ಕೀಲುನೋವು ಕಾಣಿಸಿತು. ನಿರೀಕ್ಷಿಸಿದ ಆಯುಷ್ಯ ಮಾತ್ರ ಸಿಗಲಿಲ್ಲ.

ಏಕೆ? ಇಲಿಗಳಿಗೆ ಔಷಧ ಕೊಟ್ಟದ್ದು ಸಾಮಾನ್ಯವಾಗಿ ರೋಗದ ಆರಂಭದಲ್ಲಿ. ರೋಗಿಗಳಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಆಗಲೇ ಹರಡಿತ್ತು. ಮೇಲಾಗಿ ಮನುಷ್ಯರಲ್ಲಿ ಈ ಕುಟುಂಬದ 23 ಕಿಣ್ವಗಳಿವೆ, ಎಲ್ಲವೂ ವೈರಿಗಳಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಂಟನೆಯ ಸಂಖ್ಯೆಯ ಕಿಣ್ವವಿಲ್ಲದ ಗಂಡು ಇಲಿಗಳಲ್ಲಿ ಚರ್ಮದ ಗಡ್ಡೆಗಳು ಹೆಚ್ಚಾದವು. ಅಂದರೆ ಆ ಔಷಧಗಳು ಕಾವಲುಗಾರನನ್ನೂ ಕಟ್ಟಿಹಾಕಿದ್ದಿರಬಹುದು.