ತಾಮ್ರದ ತಂತಿ ಕೀಳುವ ಮುನ್ನ

ಬ್ರಿಟನ್ನಿನ ಬಿಟಿ ಕಂಪನಿ ತನ್ನ ಹಳೆಯ ಟೆಲಿಫೋನ್ ಜಾಲವನ್ನು ಪೂರ್ತಿ ಮುಚ್ಚಲು 2027ರ ಜನವರಿ 31ರ ಗಡುವು ಇಟ್ಟುಕೊಂಡಿದೆ. ಮನೆಗಳ ತಾಮ್ರದ ಲೈನಿನ ಜತೆಗೆ, ಮೂರು ದಶಕಗಳಿಂದ ಅಲ್ಲಿನ ಕಚೇರಿ, ಅಂಗಡಿ, ಆಸ್ಪತ್ರೆಗಳು ನೆಚ್ಚಿಕೊಂಡಿದ್ದ ಐಎಸ್‌ಡಿಎನ್ ಎಂಬ ಸೇವೆಗೂ ಅದೇ ಕೊನೆಯ ದಿನ. ಹೊಸ ಸಂಪರ್ಕ ಕೊಡುವುದನ್ನು 2023ರ ಸೆಪ್ಟೆಂಬರ್‌ನಲ್ಲೇ ನಿಲ್ಲಿಸಿದ್ದಾರೆ.

ಪುಣೆಯಲ್ಲಿ ಕುಳಿತವನಿಗೆ ಇದರ ಉಸಾಬರಿ ಏಕೆ ಎಂದು ಕೇಳಬಹುದು. ಆ ದೇಶದ ಎಷ್ಟೋ ಕಂಪನಿಗಳ ತಾಂತ್ರಿಕ ಕೆಲಸ ನಡೆಯುವುದು ಪುಣೆ, ಬೆಂಗಳೂರು, ಹೈದರಾಬಾದುಗಳಲ್ಲಿ. ನಮ್ಮ ತಂಡಕ್ಕೂ ಅಂಥದ್ದೊಂದು ಕೆಲಸ ಬಂತು. ಹಲವು ಊರುಗಳಲ್ಲಿ ಮಳಿಗೆ ಇರುವ ಗ್ರಾಹಕರೊಬ್ಬರ ಹಳೆಯ ಲೈನುಗಳನ್ನೆಲ್ಲ ಇಂಟರ್ನೆಟ್ ಮೂಲಕ ನಡೆಯುವ ಫೋನಿಗೆ ಬದಲಾಯಿಸಬೇಕಿತ್ತು. ಮೇಜಿನ ಮೇಲಿನ ಫೋನುಗಳನ್ನು ಬದಲಿಸುವುದು ಸುಲಭವಾಗಿಯೇ ಮುಗಿಯಿತು. ಬೆವರಿಳಿಸಿದ್ದು ಉಳಿದ ಲೈನುಗಳು.

ಐಎಸ್‌ಡಿಎನ್ ಎಂದರೆ ದೊಡ್ಡ ಒಗಟೇನಲ್ಲ. ಮಾತನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ ಸೆಕೆಂಡಿಗೆ 64,000 ಬಿಟ್ ಆಗುತ್ತದೆ. ಅಷ್ಟು ಅಗಲದ ಒಂದು ದಾರಿಗೆ ಒಂದು ಕರೆ. ಸಣ್ಣ ಅಂಗಡಿಗೆ ಇಂಥ ಎರಡು ದಾರಿ, ದೊಡ್ಡ ಕಚೇರಿಗೆ ಮೂವತ್ತು. ನಮ್ಮ ದೇಶದ ಕಚೇರಿಗಳಲ್ಲಿ ಪಿಆರ್‌ಐ ಲೈನ್ ಎಂದು ಕರೆಯುವುದು ಈ ಮೂವತ್ತು ದಾರಿಯದ್ದನ್ನೇ. ಕರೆ ಸೇರಿತೆಂದರೆ ಆ ದಾರಿ ಮುಗಿಯುವವರೆಗೂ ನಿಮ್ಮದೇ, ನಡುವೆ ಇನ್ನೊಬ್ಬರು ನುಗ್ಗುವುದಿಲ್ಲ. ಬಿಬಿಸಿ ರೇಡಿಯೊದವರು ವರ್ಷಗಟ್ಟಲೆ ಹೊರಾಂಗಣ ಪ್ರಸಾರಕ್ಕೆ ಇದನ್ನೇ ನಂಬಿದ್ದರು.

ಇಷ್ಟು ಚೆನ್ನಾಗಿದ್ದದ್ದನ್ನು ಮುಚ್ಚುವುದೇಕೆ? ಹಳೆಯ ಎಕ್ಸ್‌ಚೇಂಜಿನ ಬಿಡಿಭಾಗ ಸಿಗುವುದು ಕಷ್ಟವಾಗಿದೆ. ಅದನ್ನು ಬಲ್ಲ ಎಂಜಿನಿಯರುಗಳು ನಿವೃತ್ತರಾಗುತ್ತಿದ್ದಾರೆ. ಇಂಟರ್ನೆಟ್ಟಿಗೊಂದು, ಮಾತಿಗೊಂದು ಎಂದು ಎರಡೆರಡು ಜಾಲ ಸಾಕುವುದು ಯಾರಿಗೂ ಕಟ್ಟುವುದಿಲ್ಲ. ಜಪಾನಿನ ಎನ್‌ಟಿಟಿ ಕೂಡ ತನ್ನ ಐಎಸ್‌ಡಿಎನ್‌ನ ದತ್ತಾಂಶ ಸೇವೆಯನ್ನು 2024ರ ಜನವರಿಯಿಂದ ನಿಲ್ಲಿಸುತ್ತಾ ಬಂತು. ಮುಚ್ಚುವ ನಿರ್ಧಾರದ ಬಗ್ಗೆ ನನಗೆ ತಕರಾರಿಲ್ಲ. ತಂತಿಯ ತುದಿಗೆ ಏನೇನಿದೆ ಎಂದು ನೋಡದೆ ಮುಚ್ಚುವುದರ ಬಗ್ಗೆ ಇದೆ.

ನಮ್ಮ ಕೆಲಸದಲ್ಲಿ ಕಂಡದ್ದು ಅದೇ. ಬಿಲ್ಲಿನಲ್ಲಿ ಒಂದು ಮಳಿಗೆಗೆ ನಾಲ್ಕು ಲೈನು, ಫೋನ್ ಇರುವುದು ಎರಡಕ್ಕೆ. ಇನ್ನೆರಡು ಯಾವುದಕ್ಕೆ ಎಂದು ಮ್ಯಾನೇಜರ್‌ಗೂ ಗೊತ್ತಿಲ್ಲ. ಬಳಕೆಯಲ್ಲಿಲ್ಲ, ಕತ್ತರಿಸಿ ಎನ್ನುವುದೇ ಎಲ್ಲರ ಮೊದಲ ಸಲಹೆ. ಯಾರಾದರೂ ಗೋಡೆಯಗುಂಟ ತಂತಿ ಹಿಡಿದು ಹೊರಟರೆ ಒಂದು ಲಿಫ್ಟಿನೊಳಗಿನ ತುರ್ತು ಫೋನಿಗೆ ಹೋಗಿರುತ್ತದೆ, ಇನ್ನೊಂದು ಕಳ್ಳಗಂಟೆಗೆ. ತಿಂಗಳುಗಟ್ಟಲೆ ಸುಮ್ಮನಿದ್ದು, ಯಾರೋ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ದಿನ ಮಾತ್ರ ಬೇಕಾಗುವ ಲೈನದು. ಬಿಲ್ಲಿನಲ್ಲಿ ಅದರ ಕರೆಗಳ ಲೆಕ್ಕ ಸೊನ್ನೆ.

ಇಂಥ ಲೈನುಗಳಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ವೃದ್ಧರದ್ದು. ಒಂಟಿಯಾಗಿರುವ ಹಿರಿಯರು ಕೊರಳಿಗೆ ಹಾಕಿಕೊಳ್ಳುವ ಗುಂಡಿಯೊಂದಿದೆ. ಬಿದ್ದಾಗ ಒತ್ತಿದರೆ ಫೋನ್ ಲೈನಿನ ಮೂಲಕ ಸಹಾಯ ಕೇಂದ್ರಕ್ಕೆ ಸುದ್ದಿ ಮುಟ್ಟುತ್ತದೆ. ಬ್ರಿಟನ್ನಿನಲ್ಲಿ ಸುಮಾರು 18 ಲಕ್ಷ ಜನ ಇಂಥ ವ್ಯವಸ್ಥೆಯನ್ನು ನೆಚ್ಚಿಕೊಂಡಿದ್ದಾರೆ. ಹೊಸ ಲೈನಿಗೆ ಬದಲಾದ ಕೆಲವು ಮನೆಗಳಲ್ಲಿ ಆ ಗುಂಡಿ ಕೆಲಸ ಮಾಡದೆ ಗಂಭೀರ ಪ್ರಕರಣಗಳಾದವು. 2023ರ ಡಿಸೆಂಬರ್‌ನಲ್ಲಿ ಸರ್ಕಾರ ಮಧ್ಯೆ ಬಂತು. ಒಪ್ಪಿಗೆಯಿಲ್ಲದ ಬದಲಾವಣೆಯನ್ನು ಕಂಪನಿಗಳು ಸದ್ಯಕ್ಕೆ ನಿಲ್ಲಿಸಿದವು. 2025ರ ಕೊನೆಗಿದ್ದ ಗಡುವು 2027ಕ್ಕೆ ಹೋಯಿತು.

ಇನ್ನೊಂದು ವಿಷಯ ಕರೆಂಟಿನದು. ಹಳೆಯ ಫೋನಿಗೆ ಪ್ಲಗ್ ಇರಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಿ. ಎಕ್ಸ್‌ಚೇಂಜಿನಲ್ಲಿದ್ದ ಸಾಲು ಬ್ಯಾಟರಿಗಳಿಂದ ಸುಮಾರು 48 ವೋಲ್ಟ್ ವಿದ್ಯುತ್ತು ಅದೇ ತಾಮ್ರದ ತಂತಿಯಲ್ಲಿ ಮನೆಯವರೆಗೂ ಬರುತ್ತಿತ್ತು. ಊರಿಗೆ ಊರೇ ಕತ್ತಲಾದರೂ ಫೋನಿಗೆ ಜೀವವಿರುತ್ತಿತ್ತು. ಫೈಬರ್ ಎಂದರೆ ಗಾಜಿನ ಎಳೆ. ಅದು ಬೆಳಕು ತಂದೀತೇ ಹೊರತು ಕರೆಂಟು ತರಲಾರದು. ಮನೆಯ ಕರೆಂಟು ಹೋದರೆ ರೂಟರ್ ಆರುತ್ತದೆ, ಜತೆಗೆ ಫೋನೂ. ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್, ಲ್ಯಾಂಡ್‌ಲೈನನ್ನೇ ನಂಬಿದವರಿಗೆ ಕರೆಂಟು ಹೋದಾಗ ಕನಿಷ್ಠ ಒಂದು ಗಂಟೆಯಾದರೂ ತುರ್ತು ಕರೆ ಮಾಡುವ ಏರ್ಪಾಡು ಇರಬೇಕೆಂದು ಹೇಳಿದೆ.

ನಮ್ಮ ಮಲೆನಾಡಿನ ಮಳೆಗಾಲಕ್ಕೆ ಒಂದು ಗಂಟೆ ಯಾವ ಮೂಲೆಗೆ? ತೀರ್ಥಹಳ್ಳಿ ಕಡೆಯ ನಮ್ಮ ಮನೆಗೂ ತಾಮ್ರ ಹೋಗಿ ಫೈಬರ್ ಬಂದಿದೆ. ವಿಡಿಯೊ ಕರೆಯಲ್ಲಿ ಮೊಮ್ಮಗಳ ಮುಖ ಸ್ಪಷ್ಟವಾಗಿ ಕಾಣುವುದು ಅಪ್ಪನಿಗೆ ಖುಷಿ. ಅಮ್ಮನ ಲೆಕ್ಕ ಬೇರೆ. "ಕರೆಂಟು ಹೋದ್ರೆ ಇದೂ ಹೋಗ್ತದಲ್ಲ ಮಾರಾಯ, ಹಳೇದು ಹಂಗಿರಲಿಲ್ಲ" ಎಂದರು. ಎಂಟೆಕ್ ಓದಿದ ನನ್ನ ಬಳಿ ಅದಕ್ಕೆ ಎದುರು ಮಾತಿರಲಿಲ್ಲ. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿದ್ದರೆ ಹತ್ತಿರದ ಮೊಬೈಲ್ ಟವರ್ ಕೂಡ ಕೈಕೊಡುತ್ತದೆ. ಆಗ ಊರಿನ ಸುದ್ದಿ ನಮಗಿಲ್ಲ, ನಮ್ಮ ಸುದ್ದಿ ಅವರಿಗಿಲ್ಲ.

ಇದಕ್ಕೆ ದುಬಾರಿ ಪರಿಹಾರವೇನೂ ಬೇಕಿಲ್ಲ. ರೂಟರ್‌ಗೆಂದೇ ಸಿಗುವ ಪುಟ್ಟ ಯುಪಿಎಸ್ ಕೆಲವು ಗಂಟೆ ದೂಡುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಫೈಬರ್ ಪೆಟ್ಟಿಗೆಯ ಪ್ಲಗ್ ಅದರ ಲೈನಿನಲ್ಲೇ ಇದೆಯೇ ಎಂದು ನೋಡಿ. ಎಷ್ಟೋ ಮನೆಗಳಲ್ಲಿ ಟಿವಿ, ಫ್ಯಾನು ಇನ್ವರ್ಟರ್‌ಗೆ ಸೇರಿರುತ್ತವೆ, ಈ ಪೆಟ್ಟಿಗೆ ಮಾತ್ರ ಹೊರಗೆ. ಮುಂದಿನ ಬಾರಿ ಊರಿಗೆ ಹೋದಾಗ ಮೇನ್ ಸ್ವಿಚ್ ಆರಿಸಿ, ಫೋನ್ ಎತ್ತಿ ನೋಡಿ. ಕೇಳಿಸದಿದ್ದರೆ ಅವತ್ತೇ ಸರಿಪಡಿಸಿ.

ಕಚೇರಿಯ ಲೈನ್ ಬದಲಿಸುವವರಿಗೂ ನನ್ನ ಮಾತು ಇಷ್ಟೇ. ಬಿಲ್ಲು ಕೈಯಲ್ಲಿ ಹಿಡಿದು ಕಟ್ಟಡವೆಲ್ಲ ಒಮ್ಮೆ ಸುತ್ತಿ. ಲಿಫ್ಟ್, ಬೆಂಕಿಯ ಅಲಾರಂ, ಫ್ಯಾಕ್ಸ್, ಗೇಟಿನ ಫೋನ್ ಎಲ್ಲವನ್ನೂ ಪಟ್ಟಿ ಮಾಡಿ. ಹೊಸದು ಬಂದ ಮೇಲೆ ಲಿಫ್ಟಿನೊಳಗೆ ನಿಂತು ಗುಂಡಿ ಒತ್ತಿ, ಆ ಕಡೆಯಿಂದ ಮನುಷ್ಯರ ದನಿ ಕೇಳಿದ ಮೇಲೆ ಹಳೆಯ ಲೈನ್ ಬಿಡಿಸಿ. ಬಿಟಿಯಂಥ ಕಂಪನಿಗೇ ಗಡುವು ಮುಂದಕ್ಕೆ ಹಾಕಬೇಕಾಯಿತು. ನಮ್ಮ ಮನೆ, ಕಚೇರಿಗಳಲ್ಲಿ ಈ ಪರೀಕ್ಷೆಗೆ ಒಂದು ಮಧ್ಯಾಹ್ನ ಸಾಕು.